ಸಿಸ್ಟರಮ್ಮನ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?

ಪ್ರತಿ ತಿಂಗಳ ಕೊನೆಯ ವಾರ ವಾರ್ಡಿನ ಗೋಡೆಗೋ, ವಾಟ್ಸ್‌ಆ್ಯಪ್ ಗುಂಪಿಗೋ ಒಂದು ಹಾಳೆ ಬರುತ್ತದೆ. ಎಡಕ್ಕೆ ಹೆಸರುಗಳು, ಮೇಲ್ಗಡೆ ತಾರೀಖುಗಳು, ನಡುವಿನ ಚೌಕಗಳಲ್ಲಿ ಎಂ, ಇ, ಎನ್ (ಮಾರ್ನಿಂಗ್, ಈವ್ನಿಂಗ್, ನೈಟ್), ಅಲ್ಲೊಂದು ಇಲ್ಲೊಂದು ಆಫ್. ಇದು ಡ್ಯೂಟಿ ರೋಸ್ಟರ್. ರೋಗಿಯ ಕಡೆಯವರ ಕಣ್ಣಿಗೆ ಬೀಳುವ ಕಾಗದವಲ್ಲ. ಮನೆಯಲ್ಲಿ ಪುಟ್ಟ ಮಗುವಿರುವ ನರ್ಸಿಗೆ ಮಾತ್ರ ಮುಂದಿನ ಮೂವತ್ತು ದಿನದ ಜಾತಕವೇ ಅದರಲ್ಲಿರುತ್ತದೆ. ಊರಿನಿಂದ ಅತ್ತೆಯನ್ನು ಯಾವ ವಾರ ಕರೆಸಬೇಕು, ಗಂಡ ಯಾವ ಸಂಜೆ ಬೇಗ ಬರಬೇಕು, ಮಗಳ ಸ್ಕೂಲ್ ಡೇ ದಿನ ಯಾರ ಜೊತೆ ಡ್ಯೂಟಿ ಬದಲಾಯಿಸಿಕೊಳ್ಳಬೇಕು ಎಂಬುದೆಲ್ಲ ಆ ಚೌಕಗಳನ್ನು ನೋಡಿಯೇ ತೀರ್ಮಾನವಾಗಬೇಕು. ಊರ ಮಕ್ಕಳಿಗೆಲ್ಲ ಲಸಿಕೆ ಹಾಕಿದವಳಿಗೆ ತನ್ನ ಮಗುವನ್ನು ಲಸಿಕೆಗೆ ಎತ್ತಿಕೊಂಡು ಹೋಗಲು ರಜೆ ಸಿಗದಿರುವುದು ಈ ವೃತ್ತಿಯಲ್ಲಿ ಹೊಸದೇನಲ್ಲ.

"ಕೆಲಸ, ಮನೆ ಎರಡನ್ನೂ ಹೇಗೆ ತೂಗಿಸಿಕೊಂಡು ಹೋಗುತ್ತೀರಿ?" ಎಂದು ನರ್ಸ್‌ಗಳನ್ನು ಕೇಳುವುದು ವಾಡಿಕೆ. ಮೇ 12ರ ದಾದಿಯರ ದಿನ ಬಂದರಂತೂ ಈ ಪ್ರಶ್ನೆ ತಪ್ಪದು. 2024ರಲ್ಲಿ ಆ ದಿನ ಭಾನುವಾರವಾಗಿ, ಅಮ್ಮಂದಿರ ದಿನವೂ ಅಂದೇ ಬಿತ್ತು. ಒಂದೇ ಹಾರೈಕೆಯಲ್ಲಿ ಎರಡು ಋಣ ತೀರಿಸಲು ಅನುಕೂಲವಾಯಿತು. ಪ್ರಶ್ನೆಯೇ ತಪ್ಪು ವಿಳಾಸಕ್ಕೆ ಹೋಗುತ್ತಿದೆ ಎಂಬುದು ನನ್ನ ಅನಿಸಿಕೆ. ತೂಗಿಸುವುದಕ್ಕೆ ತಕ್ಕಡಿ ಅವಳ ಕೈಯಲ್ಲಿರಬೇಕಲ್ಲ? ಅದು ಇರುವುದು ರೋಸ್ಟರ್ ಬರೆಯುವವರ, ಖಾಲಿ ಹುದ್ದೆ ತುಂಬುವವರ, ಕೂಸುಗಳಿಗೊಂದು ಕೋಣೆ ಬಿಟ್ಟುಕೊಡಬೇಕಾದವರ ಕೈಯಲ್ಲಿ.

ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ ಜಗತ್ತಿನಲ್ಲಿ ಸುಮಾರು 2.98 ಕೋಟಿ ನರ್ಸ್‌ಗಳಿದ್ದಾರೆ. ಅವರಲ್ಲಿ ನೂರಕ್ಕೆ 85 ಮಂದಿ ಹೆಂಗಸರು. ಇಷ್ಟೊಂದು ಹೆಂಗಸರಿರುವ ಕಸುಬಿನಲ್ಲಿ ಬಸಿರು, ಬಾಣಂತನಗಳನ್ನು ಲೆಕ್ಕಕ್ಕೆ ಹಿಡಿದೇ ಎಲ್ಲ ಏರ್ಪಾಡೂ ಆಗಿರಬೇಕು ಅಂದುಕೊಳ್ಳುತ್ತೇವೆ. ಆದದ್ದು ತಿರುಗುಮುರುಗು. ಆಧುನಿಕ ನರ್ಸಿಂಗ್ ರೂಪುಗೊಂಡದ್ದು ಮದುವೆಯಾಗದ, ಹಾಸ್ಟೆಲಿನಲ್ಲಿರುವ, ಕರೆದಾಗ ಬರುವ ಹೆಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡು. ಫ್ಲಾರೆನ್ಸ್ ನೈಟಿಂಗೇಲ್ ಮದುವೆಯಾಗಲಿಲ್ಲ. 1886ರಲ್ಲಿ ಆರಂಭವಾದ ಬೆಂಗಳೂರಿನ ಸೇಂಟ್ ಮಾರ್ಥಾಸ್‌ನಂಥ ಆಸ್ಪತ್ರೆಗಳನ್ನು ಕಟ್ಟಿ ನಡೆಸಿದವರು ಕ್ರೈಸ್ತ ಸನ್ಯಾಸಿನಿಯರು. ಸಂಸಾರ ಬಿಟ್ಟವರ ಶಿಸ್ತೇ ವಾರ್ಡಿನ ಶಿಸ್ತಾಯಿತು. 'ಸಿಸ್ಟರ್' ಎಂಬ ಕರೆಯಲ್ಲಿ ಅಕ್ಕತಂಗಿಯರಿದ್ದಾರೆ, ಅಮ್ಮ ಇಲ್ಲ. ನಮ್ಮ ಹಳ್ಳಿಯ ಜನ ಅದಕ್ಕೊಂದು 'ಅಮ್ಮ' ಸೇರಿಸಿ ಸಿಸ್ಟರಮ್ಮ ಮಾಡಿಕೊಂಡರು. ಆ ಸೇರ್ಪಡೆ ಆಸ್ಪತ್ರೆಗಳ ತಲೆಗೆ ಇನ್ನೂ ಹೋಗಿಲ್ಲ.

ಇದು ಹಳೇ ಕಾಲದ ಕತೆ ಎನ್ನುವವರು ಸೆಲಿನಾ ಜಾನ್ ಅವರ ಪ್ರಕರಣ ನೋಡಬೇಕು. ಸೇನೆಯ ನರ್ಸಿಂಗ್ ಸೇವೆಯಲ್ಲಿ ಲೆಫ್ಟಿನೆಂಟ್ ಆಗಿದ್ದ ಅವರನ್ನು 1988ರಲ್ಲಿ ಮದುವೆಯಾದರು ಎಂಬ ಕಾರಣಕ್ಕೆ ಕೆಲಸದಿಂದ ಬಿಡುಗಡೆ ಮಾಡಲಾಯಿತು. ಅದಕ್ಕೆ ಆಧಾರವಾಗಿದ್ದದ್ದು 1977ರ ಒಂದು ಸೇನಾ ಸೂಚನೆ. ಅದನ್ನು ಹಿಂಪಡೆದದ್ದು 1995ರಲ್ಲಿ. ಸುಪ್ರೀಂ ಕೋರ್ಟು ಆ ನಿಯಮ ಲಿಂಗತಾರತಮ್ಯವೆಂದು ಹೇಳಿ 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದು 2024ರ ಫೆಬ್ರವರಿಯಲ್ಲಿ. ಕೆಲಸ ಹೋಗಿ ಅಷ್ಟರಲ್ಲಿ 35 ವರ್ಷ ದಾಟಿತ್ತು.

ಕಾಗದದ ಮೇಲೆ ನಮ್ಮ ಕಾನೂನು ಬಡವಾದುದಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಬಂತು. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ಅಮೆರಿಕದ ಒಕ್ಕೂಟ ಕಾನೂನು ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ. ನಮ್ಮಲ್ಲಿ ಐವತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು, ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆರಡು ಬಿಡುವು ಕೊಡಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಈ ಹಕ್ಕುಗಳು ಸೇರಿಕೊಂಡಿವೆ. ಸರ್ಕಾರಿ ನರ್ಸ್‌ಗಳ ಸ್ಥಿತಿ ಇನ್ನೂ ವಾಸಿ: 180 ದಿನದ ಹೆರಿಗೆ ರಜೆ, ಜೊತೆಗೆ ಶಿಶುಪಾಲನಾ ರಜೆ. ಕೇಂದ್ರ ನೌಕರರಿಗೆ ಇಡೀ ಸೇವಾವಧಿಯಲ್ಲಿ 730 ದಿನ. ಕರ್ನಾಟಕ ಸರ್ಕಾರ 2021ರ ಬಜೆಟ್ಟಿನಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳು ಘೋಷಿಸಿತು.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಚಂಡೀಗಢದ ವೈದ್ಯಕೀಯ ಸಂಸ್ಥೆ ಪಿಜಿಐಎಂಇಆರ್‌ನಲ್ಲಿ ನರ್ಸಿಂಗ್ ಆಫೀಸರ್ ಆಗಿದ್ದ ದೀಪಿಕಾ ಸಿಂಗ್ ಅವರಿಗೆ ಹೆರಿಗೆ ರಜೆ ನಿರಾಕರಿಸಿದ್ದು ಏಕೆ ಗೊತ್ತೇ? ಗಂಡನ ಮೊದಲ ಮದುವೆಯಿಂದ ಇಬ್ಬರು ಮಕ್ಕಳಿದ್ದರು. ಅವರಿಗಾಗಿ ಈಕೆ ಶಿಶುಪಾಲನಾ ರಜೆ ತೆಗೆದುಕೊಂಡಿದ್ದರು. ಹಾಗಾಗಿ ತಾನು ಹೆತ್ತ ಮೊದಲ ಮಗು ಕಡತದ ಲೆಕ್ಕದಲ್ಲಿ ಮೂರನೆಯದಾಯಿತು! ಮಲಮಕ್ಕಳನ್ನು ಸಾಕಿದ್ದೇ ತಪ್ಪಾಯಿತೆಂಬ ಈ ತರ್ಕವನ್ನು ಸುಪ್ರೀಂ ಕೋರ್ಟು 2022ರ ಆಗಸ್ಟಿನಲ್ಲಿ ತಳ್ಳಿಹಾಕಿತು. ಕುಟುಂಬವೆಂದರೆ ಒಂದೇ ಅಚ್ಚಿನದಲ್ಲ ಎಂದು ಹೇಳಿದ ಆ ಪೀಠದಲ್ಲಿ ನಮ್ಮ ಕೊಡಗಿನ ಎ.ಎಸ್. ಬೋಪಣ್ಣನವರೂ ಇದ್ದರು. ಖಾಯಂ ಹುದ್ದೆಯ, ದೊಡ್ಡ ಸಂಸ್ಥೆಯ ನರ್ಸೇ ದಿಲ್ಲಿಯವರೆಗೆ ಹೋಗಬೇಕಾಯಿತೆಂದರೆ, ತಾಲ್ಲೂಕು ಕೇಂದ್ರದ ನರ್ಸಿಂಗ್ ಹೋಮಿನ ಹುಡುಗಿ ಯಾರ ಹತ್ತಿರ ಹೋಗಬೇಕು?

ಆ ಹುಡುಗಿಯ ಪಾಡು ಬೇರೆಯೇ. ಮೂವತ್ತು ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ನೌಕರರು ಐವತ್ತು ಮುಟ್ಟುವುದಿಲ್ಲ, ಆದ್ದರಿಂದ ಶಿಶುಪಾಲನಾ ಕೇಂದ್ರದ ಮಾತಿಲ್ಲ. ಬಸಿರೆಂದು ತಿಳಿದ ಮೇಲೆ ಯಾರೂ ಕೆಲಸದಿಂದ ತೆಗೆಯುವುದಿಲ್ಲ, ತೆಗೆಯುವುದು ಕಾನೂನುಬಾಹಿರ. "ರೆಸ್ಟ್ ತಗೊಳ್ಳಮ್ಮ, ಹೆರಿಗೆ ಆದ್ಮೇಲೆ ನೋಡೋಣ" ಎಂಬ ಒಳ್ಳೆಯ ಮಾತಿನಲ್ಲೇ ಕೆಲಸ ಮುಗಿಯುತ್ತದೆ. ಅವಳು ರಾಜೀನಾಮೆ ಬರೆದುಕೊಡುತ್ತಾಳೆ, ವರ್ಷದ ಮೇಲೆ ಬೇರೆ ಆಸ್ಪತ್ರೆಯಲ್ಲಿ ಹೊಸಬಳ ಸಂಬಳಕ್ಕೆ ಮತ್ತೆ ಸೇರುತ್ತಾಳೆ. ಆಸ್ಪತ್ರೆಯವರು ಖರ್ಚಿನ ಮಾತೆತ್ತುತ್ತಾರೆ. ಇದರಲ್ಲಿ ಅರ್ಧ ನಿಜವಿದೆ: 26 ವಾರದ ಸಂಬಳವನ್ನು ಸರ್ಕಾರ ಕೊಡುವುದಿಲ್ಲ, ಮಾಲೀಕನೇ ಹೊರಬೇಕು. ಇನ್ನರ್ಧ ಹೇಳುವುದಿಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿದ್ದು ನೌಕರರ ರಾಜ್ಯ ವಿಮೆ ಅಂದರೆ ಇಎಸ್‌ಐ ಕಟ್ಟಿದ್ದರೆ ಹೆರಿಗೆ ರಜೆಯ ಹಣ ಬರುವುದು ಇಎಸ್‌ಐಯಿಂದ, ಆಸ್ಪತ್ರೆಯ ಗಲ್ಲಾಪೆಟ್ಟಿಗೆಯಿಂದ ಅಲ್ಲ. ಖಾಸಗಿಯಲ್ಲಿ ಎಷ್ಟೋ ನರ್ಸ್‌ಗಳ ಸಂಬಳ ಈ ಗೆರೆಯ ಕೆಳಗೇ ಇದೆ. ಗುತ್ತಿಗೆ ನೌಕರರ ವಿಷಯದಲ್ಲೂ ದಾರಿ ತೆರೆದಿದೆ: ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಮುಗಿಯುವುದಿಲ್ಲವೆಂದು ದಿಲ್ಲಿಯ ವೈದ್ಯೆ ಕವಿತಾ ಯಾದವ್ ಪ್ರಕರಣದಲ್ಲಿ 2023ರಲ್ಲಿ ತೀರ್ಪಾಗಿದೆ.

ರಜೆಯ ಲೆಕ್ಕದಲ್ಲಿ ಇನ್ನೊಂದು ಸಂಗತಿಯಿದೆ. 26 ವಾರದಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡರೆ ಕೂಸಿನ ಜೊತೆ ಉಳಿಯುವುದು ಹದಿನೆಂಟೇ ವಾರ, ನಾಲ್ಕು ತಿಂಗಳು ಚಿಲ್ಲರೆ. ಅದಕ್ಕೇ ನರ್ಸ್‌ಗಳು ತುಂಬು ಬಸುರಿಯಾಗಿಯೂ ವಾರ್ಡು ಸುತ್ತುತ್ತಾರೆ. ಬೇರೆಯವರಿಗೆ "ಭಾರ ಎತ್ತಬೇಡಿ" ಎಂದು ಹೇಳುವವಳೇ ಮಂಚದಿಂದ ಸ್ಟ್ರೆಚರಿಗೆ ರೋಗಿಯನ್ನು ಎಳೆದುಕೊಳ್ಳುತ್ತಾಳೆ. ಕ್ಯಾನ್ಸರ್ ವಾರ್ಡಿನ ಕೀಮೋ ಔಷಧಿ, ಆಪರೇಷನ್ ಥಿಯೇಟರಿನ ಅರಿವಳಿಕೆ ಅನಿಲ, ಸಿ-ಆರ್ಮ್ ಯಂತ್ರದ ವಿಕಿರಣ ಇವೆಲ್ಲ ಬಸುರಿಯ ಹತ್ತಿರ ಸುಳಿಯಬಾರದ ವಸ್ತುಗಳು. ಬಹುಹೊತ್ತು ನಿಂತು ಮಾಡುವ ಕೆಲಸ ಕೊಡಬಾರದೆಂದು ಬಸುರಿ ಕೇಳಿಕೊಳ್ಳಬಹುದು ಎಂದೂ 1961ರ ಕಾಯ್ದೆಯಲ್ಲಿತ್ತು. ನಿಂತು ಮಾಡದ ಕೆಲಸ ವಾರ್ಡಿನಲ್ಲಿ ಯಾವುದಿದೆ ಎಂದು ಆ ಕಾಯ್ದೆ ಬರೆದವರು ಯೋಚಿಸಿದಂತಿಲ್ಲ.

ರಜೆ ಮುಗಿದು ಮರಳುವ ದಿನದಿಂದ ನಿಜವಾದ ಪರೀಕ್ಷೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ ಎಂದು ಬಾಣಂತಿಯರಿಗೆ ಪಾಠ ಹೇಳುವುದು ನರ್ಸುಗಳ ದಿನನಿತ್ಯದ ಕೆಲಸ. ಹಾಲು ಹೇಗೆ ಬಿಡಿಸಬೇಕು, ಹೇಗೆ ಕಾಪಿಡಬೇಕು ಎಂದು ಅವರಿಗಿಂತ ಚೆನ್ನಾಗಿ ಹೇಳುವವರಿಲ್ಲ. ಈಗ ಅವಳೇ ಎಂಟು ಗಂಟೆಗೆ ಡ್ಯೂಟಿಗೆ ಬಂದಿದ್ದಾಳೆ. ಹತ್ತೂವರೆಗೆ ರೌಂಡ್ಸ್ ನಡೆಯುತ್ತಿರುವಾಗ ಎದೆ ಬಿಗಿಯತೊಡಗುತ್ತದೆ. ಪಕ್ಕದ ಹಾಸಿಗೆಯ ಕೂಸು ಅತ್ತರೆ ಸಾಕು, ಹಾಲು ತಾನಾಗಿ ಒಸರುತ್ತದೆ. ಮೈಗೆ ಯಾವ ಮಗುವೆಂಬ ಭೇದ ತಿಳಿಯುವುದಿಲ್ಲ. ಸಮವಸ್ತ್ರದ ಮೇಲೆ ಒದ್ದೆ ಕಾಣದಂತೆ ಕೇಸ್ ಶೀಟು ಎದೆಗವಚಿಕೊಂಡು ನಿಲ್ಲುತ್ತಾಳೆ. ಹೋಗಿ ಹಾಲು ಹಿಂಡಿ ಬರೋಣವೆಂದರೆ ಕೋಣೆಯಿಲ್ಲ. ಬಟ್ಟೆ ಬದಲಿಸುವ ಕೋಣೆಗೆ ಚಿಲಕವಿಲ್ಲ. ಉಳಿದದ್ದು ಬಾತ್‌ರೂಮು, ಅಲ್ಲಿ ಹಿಂಡಿದ್ದು ಚರಂಡಿಗೆ. ಶುಚಿಯಾಗಿ ಹಿಂಡಿದರೂ ಹೊರಗಡೆ ನಾಲ್ಕು ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ವಾರ್ಡಿನ ಫ್ರಿಜ್ಜು ಇನ್ಸುಲಿನ್ನಿಗೂ ಲಸಿಕೆಗೂ ಮೀಸಲು, ಬೇರೇನೂ ಇಡಬಾರದೆಂಬ ನಿಯಮವೂ ಸರಿಯಾದದ್ದೇ. ಇನ್ನೊಂದು ಪುಟ್ಟ ಫ್ರಿಜ್ಜು ಯಾರೂ ಕೊಡಿಸಿಲ್ಲ, ಅಷ್ಟೇ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ 'ಅಮೃತಧಾರೆ' ಎಂಬ ಎದೆಹಾಲಿನ ಬ್ಯಾಂಕು ಆರಂಭವಾಯಿತು. ಹಾಲು ಪಡೆಯುವ, ಸಂಸ್ಕರಿಸುವ, ಕಾಪಿಡುವ ವಿದ್ಯೆ ನಾಡಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಎಷ್ಟೋ ನರ್ಸ್‌ಗಳು ಮಾತ್ರೆ ನುಂಗಿಯೋ ಬಟ್ಟೆ ಬಿಗಿದೋ ಹಾಲು ಬತ್ತಿಸಿಕೊಂಡು ಡ್ಯೂಟಿಗೆ ಬರುತ್ತಾರೆ.

ಇನ್ನು ರಾತ್ರಿ. ಸಾಮಾನ್ಯವಾಗಿ ಮಾರ್ನಿಂಗ್ ಆರು ಗಂಟೆ, ಈವ್ನಿಂಗ್ ಆರು ಗಂಟೆ, ನೈಟ್ ಹನ್ನೆರಡು ಗಂಟೆ. ಖಾಸಗಿಯ ಕೆಲವು ಕಡೆ ಹಗಲೂ ಹನ್ನೆರಡು. ನೈಟ್ ಬಿದ್ದರೆ ಒಂದೇ ಉಸಿರಿಗೆ ನಾಲ್ಕೈದು, ಕೆಲವೆಡೆ ಆರು, ಆಮೇಲೆ ಆಫ್. ಹೆಂಗಸರ ರಾತ್ರಿಪಾಳಿ ಬಗ್ಗೆ ಕಾರ್ಖಾನೆ, ಐಟಿ ಕಂಪನಿಗಳ ವಿಚಾರದಲ್ಲಿ ದಶಕಗಳ ಕಾಲ ಚರ್ಚೆಯಾಯಿತು. ನರ್ಸ್ ಮಾತ್ರ ಆ ಚರ್ಚೆಯುದ್ದಕ್ಕೂ ಯಾರ ಕಣ್ಣಿಗೂ ಬೀಳದೆ ರಾತ್ರಿಯಿಡೀ ಎಚ್ಚರವಾಗಿದ್ದಳು. ಮೈಗೆ ಇದರಿಂದ ಆಗುವ ಪೆಟ್ಟು ಊಹೆಯದಲ್ಲ. ಅಮೆರಿಕದಲ್ಲಿ 1976ರಲ್ಲಿ 1,21,700 ನರ್ಸ್‌ಗಳನ್ನು ಸೇರಿಸಿಕೊಂಡು ಶುರುವಾದ ದೊಡ್ಡ ಅಧ್ಯಯನ, ದಶಕಗಟ್ಟಲೆ ಪಾಳಿ ಬದಲಿಸುತ್ತ ನೈಟ್ ಮಾಡಿದವರಲ್ಲಿ ಸ್ತನ ಕ್ಯಾನ್ಸರಿನ ಸಂಭವ ಹೆಚ್ಚೆಂದು 2001ರಲ್ಲಿ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರಾತ್ರಿಪಾಳಿಯನ್ನು ಕ್ಯಾನ್ಸರಿಗೆ ಬಹುಶಃ ಕಾರಣವಾಗುವ ಸಂಗತಿಗಳ ಪಟ್ಟಿಗೆ 2007ರಲ್ಲಿ ಸೇರಿಸಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿತು.

ಆದರೆ ಎಳೆಮಗುವಿನ ತಾಯಿಗೆ ಕ್ಯಾನ್ಸರಿನ ಚಿಂತೆ ದೂರದ್ದು. ಹತ್ತಿರದ್ದು ನಿದ್ದೆ. ಬೆಳಿಗ್ಗೆ ಎಂಟಕ್ಕೆ ಡ್ಯೂಟಿ ಒಪ್ಪಿಸಿ, ಬಸ್ಸು ಹಿಡಿದು, ಒಂಬತ್ತೂವರೆಗೆ ಮನೆ ಸೇರಿದರೆ ಅಡುಗೆ ಕಾಯುತ್ತಿರುತ್ತದೆ, ಮಗು ಆಟಕ್ಕೆ ಎದ್ದಿರುತ್ತದೆ. ಅಮ್ಮನಿಗೆ ಅದು ರಾತ್ರಿ ಎಂದು ಮಗುವಿಗೆ ಹೇಗೆ ತಿಳಿಯಬೇಕು? ಕಣ್ಣೆಳೆಯುವ ಹೊತ್ತಿಗೆ ಬಾಗಿಲು ಬಡಿಯುತ್ತದೆ, ಶಾಲೆಯ ಆಟೋ ಬರುತ್ತದೆ. ಬಿಟ್ಟುಬಿಟ್ಟು ಮೂರ್ನಾಲ್ಕು ಗಂಟೆ ನಿದ್ದೆ ಮಾಡಿ ರಾತ್ರಿ ಎಂಟಕ್ಕೆ ಮತ್ತೆ ಐಸಿಯುವಿನಲ್ಲಿ ಔಷಧಿಯ ಡೋಸು ಲೆಕ್ಕ ಹಾಕಬೇಕು. ಅವಳ ನಿದ್ದೆಯ ಪ್ರಶ್ನೆ ಅವಳ ಮನೆಯದಷ್ಟೇ ಅಲ್ಲ, ಆ ಹಾಸಿಗೆಯಲ್ಲಿ ಮಲಗಿರುವ ನಮ್ಮದೂ ಹೌದು. ಇಷ್ಟರ ಮೇಲೆ ಮನೆಯ ಹಿರಿಯರೊಬ್ಬರು "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಗೊಣಗಿದರೆ ನುಂಗಿಕೊಳ್ಳಬೇಕು.

ಹಾಗಾದರೆ ಇಷ್ಟು ವರ್ಷ ಇದು ನಡೆದದ್ದು ಹೇಗೆ? ಅಜ್ಜಿಯಿಂದ. ನಮ್ಮ ಆಸ್ಪತ್ರೆಗಳ ನೈಟ್ ಡ್ಯೂಟಿಯನ್ನು ಹೊತ್ತು ನಿಲ್ಲಿಸಿರುವ ಸಂಬಳವಿಲ್ಲದ ನೌಕರಳು ಅವಳು. ತಾಯಿಯ ತಾಯಿಯೋ ತಂದೆಯ ತಾಯಿಯೋ, ಮಂಡಿನೋವು, ಸಕ್ಕರೆ ಕಾಯಿಲೆಗಳ ನಡುವೆ, ಊರು, ಎಮ್ಮೆ, ಹೊಲ ಬಿಟ್ಟು ಬೆಂಗಳೂರಿನ ಒಂದು ಬೆಡ್‌ರೂಮಿನ ಮನೆಯಲ್ಲಿ ಮೊಮ್ಮಗುವಿಗೆ ರಾಗಿಸರಿ ತಿನ್ನಿಸುತ್ತಾಳೆ. ಅಜ್ಜಿ ಬರಲಾಗದಿದ್ದರೆ ಮಗುವೇ ಅಜ್ಜಿಯ ಊರಿಗೆ ಹೋಗುತ್ತದೆ, ಶಾಲೆಗೆ ಸೇರಿಸುವವರೆಗೆ ಅಮ್ಮ ವಿಡಿಯೊ ಕಾಲಿನಲ್ಲಿರುತ್ತಾಳೆ. ಗಂಡನೂ ಆಸ್ಪತ್ರೆಯಲ್ಲೇ ದುಡಿಯುವವನಾದರೆ ಇಬ್ಬರೂ ಎದುರುಬದುರು ಪಾಳಿ ಕೇಳಿ ಹಾಕಿಸಿಕೊಂಡು ಗೇಟಿನಲ್ಲೇ ಮಗುವನ್ನು ಹ್ಯಾಂಡ್‌ಓವರ್ ಮಾಡುತ್ತಾರೆ. ಎರಡೂ ಇಲ್ಲದ ಕಡೆ ಹತ್ತು ವರ್ಷದ ಅಕ್ಕ ಎರಡು ವರ್ಷದ ತಮ್ಮನಿಗೆ ಅಮ್ಮನಾಗುತ್ತಾಳೆ. ಅಪ್ಪಂದಿರು ಎಲ್ಲಿ ಎನ್ನುತ್ತೀರಾ? ಸರ್ಕಾರಿ ನೌಕರನಿಗೆ ಹದಿನೈದು ದಿನದ ಪಿತೃತ್ವ ರಜೆಯಿದೆ. ಖಾಸಗಿಯವನಿಗೆ ಕಾನೂನಿನಲ್ಲಿ ಅದೂ ಇಲ್ಲ. ರಜೆಯಿಲ್ಲವೆಂಬುದು ಕೆಲವರಿಗೆ ಅನುಕೂಲದ ನೆಪವೂ ಹೌದು.

ಹಳ್ಳಿಯ ಉಪಕೇಂದ್ರದ ಸಿಸ್ಟರಮ್ಮನದು ಸ್ವಲ್ಪ ಬೇರೆ ಕತೆ. ಕ್ವಾರ್ಟರ್ಸ್ ಅಲ್ಲೇ ಇದ್ದರೆ ಮಗು ಕಣ್ಣೆದುರಿಗಿರುತ್ತದೆ. ಆದರೆ ಆಫ್ ಎಂಬುದೇ ಇರುವುದಿಲ್ಲ. ಕರಾವಳಿಯ ಮನೆಗಳದು ಮತ್ತೊಂದು ಬಗೆ. ಮಂಗಳೂರು, ಉಡುಪಿಯಿಂದ ಕೊಲ್ಲಿ ದೇಶಗಳಿಗೆ ಹೋದ ನರ್ಸ್‌ಗಳಲ್ಲಿ ಹಲವರು ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಹೋದವರು. ಬ್ರಿಟನ್ನಿಗೆ ಹೋದವರು ಕುಟುಂಬ ಕರೆದುಕೊಂಡು ಹೋಗಬಹುದು. ಅಲ್ಲಿ ಹೆರಿಗೆ ರಜೆ ಒಂದು ವರ್ಷದವರೆಗೆ, ಅದರಲ್ಲಿ 39 ವಾರಕ್ಕೆ ಹಣವೂ ಬರುತ್ತದೆ. ಪಾಳಿಯಲ್ಲಿ ಹೊಂದಾಣಿಕೆ ಬೇಕೆಂದು ಕೆಲಸಕ್ಕೆ ಸೇರಿದ ದಿನವೇ ಅರ್ಜಿ ಹಾಕಬಹುದು. ಆದರೆ ಅಲ್ಲಿ ಅಜ್ಜಿಯಿಲ್ಲ, ಡೇಕೇರಿನ ಬಿಲ್ಲು ಸಂಬಳದ ದೊಡ್ಡ ಪಾಲನ್ನು ನುಂಗುತ್ತದೆ. ಅಲ್ಲಿಗೆ ಹೋದ ಮೇಲೆಯೇ ಅಜ್ಜಿಯ ಬೆಲೆ ಪೌಂಡಿನಲ್ಲಿ ತಿಳಿಯುವುದು.

ವಾರ್ಡಿನೊಳಗಿನ ಒಂದು ಜಗಳದ ಬಗ್ಗೆ ನಾವು ಬರೆಯುವವರು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ಎಳೆಮಗುವಿನ ತಾಯಿಗೆ ನೈಟ್ ತಪ್ಪಿಸಿದರೆ ಆ ನೈಟ್ ಎಲ್ಲಿ ಹೋಗುತ್ತದೆ? ಮದುವೆಯಾಗದ ಹುಡುಗಿಯ ಚೌಕಕ್ಕೆ. ಮಕ್ಕಳಿಲ್ಲದವಳ ಚೌಕಕ್ಕೆ. ಮಕ್ಕಳು ದೊಡ್ಡವರಾಗಿ ಈಗ ಹಾಸಿಗೆ ಹಿಡಿದ ಮಾವನನ್ನು ನೋಡಿಕೊಳ್ಳುತ್ತಿರುವ ಐವತ್ತರ ಹಿರಿಯಳ ಚೌಕಕ್ಕೆ. "ಅವರಿಗೆ ಮಗು ಅಂತ ನೈಟ್ ಇಲ್ಲ, ನಾವೇನು ಪಾಪ ಮಾಡಿದ್ವಿ?" ಎಂಬ ಸಿಟ್ಟು ಸುಳ್ಳಲ್ಲ. ಒಬ್ಬಳು ಆರು ತಿಂಗಳು ರಜೆ ಹೋದರೆ ಬದಲಿ ಬರುವುದಿಲ್ಲ. ಉಳಿದವರು ಡಬಲ್ ಡ್ಯೂಟಿ ಎಳೆಯುತ್ತಾರೆ. ಹಾಗೆಂದು ಇದು ಹೆಂಗಸರು ಹೆಂಗಸರ ನಡುವಿನ ಹೊಟ್ಟೆಕಿಚ್ಚಲ್ಲ, ತಲೆಯೆಣಿಕೆಯ ಪ್ರಶ್ನೆ. ಬೋಧನಾ ಆಸ್ಪತ್ರೆಯಲ್ಲಿ ಮೂರು ರೋಗಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯಲ್ಲಿ ಐದಕ್ಕೆ ಒಬ್ಬರು ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಸರ್ಕಾರಿ ಜನರಲ್ ವಾರ್ಡಿನಲ್ಲಿ ಒಂದು ರಾತ್ರಿ ಕಳೆದವರು ಯಾರಾದರೂ ಈ ಸಂಖ್ಯೆ ಕೇಳಿ ನಕ್ಕಾರು. ವರ್ಷಕ್ಕೆ ಇಷ್ಟು ಜನ ಹೆರಿಗೆ ರಜೆಗೆ ಹೋಗುತ್ತಾರೆ ಎಂದು ಮೊದಲೇ ಲೆಕ್ಕ ಹಾಕಿ ರಜೆ ಮೀಸಲು ಹುದ್ದೆ ಇಟ್ಟುಕೊಳ್ಳುವುದು ದೊಡ್ಡ ಗಣಿತವಲ್ಲ. ಬಹುಪಾಲು ಸಿಬ್ಬಂದಿ ಹೆಂಗಸರು, ಅದರಲ್ಲೂ ಇಪ್ಪತ್ತು ಮೂವತ್ತರ ವಯಸ್ಸಿನವರು ಎಂದು ಗೊತ್ತಿದ್ದೂ ಪ್ರತಿ ಬಸಿರನ್ನು ಅನಿರೀಕ್ಷಿತ ಅವಘಡದಂತೆ ನೋಡುವ ಆಡಳಿತಕ್ಕೆ ಏನನ್ನೋಣ?

ಸಂಬಳದ ವಿಷಯಕ್ಕೆ ಬಂದರೂ ಕತೆ ಇದೇ. ನರ್ಸ್‌ಗಳ ಸಂಘದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2016ರಲ್ಲಿ ನೀಡಿದ ಆದೇಶದಂತೆ ಕೇಂದ್ರ ಸಮಿತಿಯೊಂದು ರಚನೆಯಾಯಿತು. ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಿಲ್ಲದಂತೆ, 200 ಹಾಸಿಗೆ ಮೀರಿದ ಕಡೆ ಸರ್ಕಾರಿ ನರ್ಸಿಗೆ ಸಮನಾಗಿ ಸಂಬಳ ಕೊಡಬೇಕೆಂದು ಅದು ಶಿಫಾರಸು ಮಾಡಿತು. ಕೇರಳದಲ್ಲಿ ನರ್ಸ್‌ಗಳು ಬೀದಿಗಿಳಿದು ಹೋರಾಡಿ 2018ರಲ್ಲಿ 20,000ದ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿಕೊಂಡರು. ಮಗುವನ್ನು ನೋಡಿಕೊಳ್ಳಲು ಆಯಾ ಇಡಬೇಕೆಂದರೆ ಆಯಾಳ ಸಂಬಳ ಕಳೆದು ಕೈಯಲ್ಲಿ ಏನಾದರೂ ಉಳಿಯಬೇಕು. ಉಳಿಯದಿದ್ದಾಗ "ಮನೆಯಲ್ಲೇ ಇದ್ದುಬಿಡು" ಎಂಬ ಮಾತಿಗೆ ಗಂಡನ ಮನೆಯಲ್ಲಿ ಲೆಕ್ಕದ ಬಲವೂ ಬರುತ್ತದೆ. ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿ, ಐಸಿಯುವಿನಲ್ಲಿ ಕೈ ಪಳಗಿದ ಮೇಲೆ ಮನೆಗೆ ಮರಳುವವಳ ನಷ್ಟವನ್ನು ಯಾರೂ ಬರೆದಿಡುವುದಿಲ್ಲ.

2020ರ ಏಪ್ರಿಲ್ ನೆನಪಿದೆಯೇ? ಬೆಳಗಾವಿಯಲ್ಲಿ ಕೋವಿಡ್ ಡ್ಯೂಟಿ ಮಾಡಿ ಹೋಟೆಲಿನಲ್ಲಿ ಕ್ವಾರಂಟೈನ್ ಆಗಿದ್ದ ನರ್ಸನ್ನು ನೋಡಲು ಅಪ್ಪ ಮೂರು ವರ್ಷದ ಮಗಳನ್ನು ಬೈಕಿನಲ್ಲಿ ಕರೆತಂದ. ದೂರದಿಂದಲೇ ಅಮ್ಮನನ್ನು ಕಂಡು ಮಗು ಅತ್ತ ಅಳು ನಾಡಿನ ಫೋನುಗಳಲ್ಲೆಲ್ಲ ಹರಿದಾಡಿತು. ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ತಾವೇ ಫೋನ್ ಮಾಡಿ ಧೈರ್ಯ ಹೇಳಿದರು. ಒಳ್ಳೆಯದೇ. ನಾವೆಲ್ಲ ಕಣ್ಣೊರೆಸಿಕೊಂಡೆವು, ತ್ಯಾಗಮಯಿ ಎಂದೆವು, ದೀಪ ಹಚ್ಚಿದೆವು. ತ್ಯಾಗ ಎಂದು ಕರೆದ ಕೂಡಲೇ ಅದಕ್ಕೊಂದು ವ್ಯವಸ್ಥೆ ಮಾಡಬೇಕಾದ ಹೊಣೆ ನಮ್ಮ ಹೆಗಲಿನಿಂದ ಇಳಿದುಬಿಡುತ್ತದೆ. ಅಂಥ ಬೀಳ್ಕೊಡುಗೆ ಸಣ್ಣ ಪ್ರಮಾಣದಲ್ಲಿ ಪ್ರತಿ ಸಂಜೆ ಏಳೂಕಾಲಿಗೆ ನೈಟ್ ಡ್ಯೂಟಿಗೆ ಹೊರಟ ಅಮ್ಮಂದಿರ ಮನೆಗಳ ಬಾಗಿಲಲ್ಲಿ ನಡೆಯುತ್ತಲೇ ಇದೆ. ಅದನ್ನು ಯಾರೂ ವಿಡಿಯೊ ಮಾಡುವುದಿಲ್ಲ.

ಆಗಬೇಕಾದ್ದು ಆಕಾಶದಿಂದ ಇಳಿಯಬೇಕಾದ್ದಲ್ಲ. ರೋಸ್ಟರನ್ನು ತಿಂಗಳ ಇಪ್ಪತ್ತನೇ ತಾರೀಖಿನೊಳಗೆ ಹೊರಡಿಸಿ, ಆಮೇಲೆ ಮನಸ್ಸಿಗೆ ಬಂದಂತೆ ತಿದ್ದದಿದ್ದರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಯಾವ ನೈಟ್ ಬೇಕು, ಯಾವುದು ಬೇಡ ಎಂದು ನರ್ಸ್‌ಗಳೇ ಮೊದಲು ಗುರುತು ಹಾಕಿ, ಇನ್‌ಚಾರ್ಜ್ ಸಿಸ್ಟರ್ ಅದನ್ನು ಹೊಂದಿಸಿದರೆ ಜಗಳವೂ ತಗ್ಗುತ್ತದೆ, ಏಕೆಂದರೆ ಎಲ್ಲರಿಗೂ ಒಂದೇ ನೈಟ್ ಬೇಡವಾಗಿರುವುದಿಲ್ಲ. ಚಿಲಕವಿರುವ ಒಂದು ಕೋಣೆ, ಒಂದು ಕುರ್ಚಿ, ಒಂದು ಸಣ್ಣ ಫ್ರಿಜ್ಜಿನ ಬೆಲೆ ಒಂದು ಎಕೋ ಯಂತ್ರದ ಎದುರು ಯಾವ ಲೆಕ್ಕ? ಇನ್ನು ಶಿಶುಪಾಲನಾ ಕೇಂದ್ರ. ಕೂಲಿ ಹೆಂಗಸರ ಮಕ್ಕಳಿಗಾಗಿ ನಮ್ಮ ರಾಜ್ಯ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ಯೋಜನೆ ತಂದಿತು. ಹೊಲದ ಬದುವಿನಲ್ಲಿ ದುಡಿಯುವವಳ ಮಗುವಿಗೆ ಸಿಕ್ಕ ಸೂರು ಜಿಲ್ಲಾಸ್ಪತ್ರೆಯ ನರ್ಸಿನ ಮಗುವಿಗೂ ಸಿಗಬಾರದೇಕೆ? ಕಾನೂನಿಗಾಗಿ ಕೇಂದ್ರ ತೆರೆದ ಖಾಸಗಿ ಸಂಸ್ಥೆಗಳಲ್ಲಿ ಅದು ಬೆಳಿಗ್ಗೆ ಒಂಬತ್ತಕ್ಕೆ ತೆರೆದು ಸಂಜೆ ಐದಕ್ಕೆ ಮುಚ್ಚುವುದುಂಟು, ಆಡಳಿತ ಕಚೇರಿಯ ಹೊತ್ತಿಗೆ ಸರಿಯಾಗಿ. ನರ್ಸಿನ ಪಾಳಿ ಎಂಟಕ್ಕೆ ಶುರು, ಎಂಟಕ್ಕೆ ಮುಕ್ತಾಯ.

ಈ ವರ್ಷ ನರ್ಸಿಂಗ್ ಮುಗಿಸಿ ಕೆಲಸ ಹುಡುಕುತ್ತಿರುವ ಹೆಣ್ಣುಮಕ್ಕಳಿಗೆ ಒಂದು ಮಾತು. ಯಾವ ಯಾವ ಹೆರಿಗೆ ಸೌಲಭ್ಯ ಸಿಗುತ್ತದೆ ಎಂಬುದನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಬರವಣಿಗೆಯಲ್ಲಿ ತಿಳಿಸಬೇಕೆಂದು 2017ರ ತಿದ್ದುಪಡಿ ಹೇಳಿತ್ತು. ಆರ್ಡರ್ ಕೈಗೆ ಬಂದ ದಿನ ಸಂಬಳದ ಅಂಕಿಯ ಜೊತೆಗೆ ಆ ಹಾಳೆಯೂ ಇದೆಯೇ ನೋಡಿ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಇಎಸ್‌ಐ ನಂಬರನ್ನೂ ಅಂದೇ ಕೇಳಿ, ಮದುವೆಯ ಯೋಚನೆ ಇನ್ನೂ ದೂರವಿದ್ದರೂ.